ಆನ್‌ಲೈನ್ ಕಲಿಕೆಯಲ್ಲಿ ಆಂತರಿಕ ಮತ್ತು ಬಾಹ್ಯ ಪ್ರೇರಣೆ

ಕಲಿಯುವ ಕೆಲಸವೇ ಕೊಡುವ ಕುತೂಹಲ, ಸಂತೋಷ, ಕೈಗೂಡಿದ ತೃಪ್ತಿ ಇವುಗಳಿಗಾಗಿ ಒಬ್ಬರು ಓದಲು ಕೂತರೆ ಅದು ಆಂತರಿಕ ಪ್ರೇರಣೆ. ಅಂಕ, ಸರ್ಟಿಫಿಕೇಟ್, ನೌಕರಿ, ಮನೆಯವರ ಮೆಚ್ಚುಗೆ, ನಪಾಸಾಗುವ ಭಯ ಹೀಗೆ ಕಲಿಕೆಯ ಹೊರಗಿರುವ ಕಾರಣಕ್ಕಾಗಿ ಕೂತರೆ ಅದು ಬಾಹ್ಯ ಪ್ರೇರಣೆ. ಮನಶ್ಶಾಸ್ತ್ರದ ಈ ವಿಂಗಡಣೆ ಆನ್‌ಲೈನ್ ತರಗತಿಗಳಿಗಿಂತ ಎಷ್ಟೋ ಹಳೆಯದು. ಶಾಲೆಯ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಮಕ್ಕಳ ಮುಖ ನೋಡಿಯೇ ಅರ್ಥವಾಗಿಲ್ಲವೆಂದು ತಿಳಿದು ಮೇಷ್ಟ್ರು ಇನ್ನೊಮ್ಮೆ ಹೇಳುತ್ತಾರೆ, ಪಕ್ಕದವರು ಬರೆದುಕೊಳ್ಳುವುದನ್ನು ಕಂಡು ನಾವೂ ಪೆನ್ನು ಹಿಡಿಯುತ್ತೇವೆ. ಮೊಬೈಲ್ ಅಥವಾ ಲ್ಯಾಪ್‌ಟಾಪ್ ಮುಂದೆ ಒಬ್ಬರೇ ಕೂತವರಿಗೆ ಈ ಆಸರೆ ಯಾವುದೂ ಇಲ್ಲ. ವಿಡಿಯೊ ನಿಲ್ಲಿಸಲು ಒಂದು ಬೆರಳು ಸಾಕು. ಹೀಗಾಗಿ ಪ್ರೇರಣೆಯ ಪ್ರಶ್ನೆ ಇಲ್ಲಿ ಪಾಠದ ಗುಣಮಟ್ಟದಷ್ಟೇ ದೊಡ್ಡದು.

ಒಳಗಿನದು ಒಳ್ಳೆಯದು, ಹೊರಗಿನದು ಕೆಟ್ಟದ್ದು ಎಂದು ಹೇಳಿಬಿಡುವ ರೂಢಿಯಿದೆ. ಐವತ್ತು ವರ್ಷಗಳ ಸಂಶೋಧನೆ ಅದನ್ನು ಸಮರ್ಥಿಸುವುದಿಲ್ಲ. ಬಹುಪಾಲು ಜನ ಆನ್‌ಲೈನ್ ಕೋರ್ಸಿಗೆ ಸೇರುವುದು ಹೊರಗಿನ ಯಾವುದೋ ಅಗತ್ಯಕ್ಕಾಗಿ. ಆ ಅಗತ್ಯವನ್ನು ಅವರು ತಮ್ಮದಾಗಿಸಿಕೊಂಡರೇ, ಹಾಗೆ ಮಾಡಿಕೊಳ್ಳಲು ಕೋರ್ಸು ಎಡೆಮಾಡಿಕೊಟ್ಟಿತೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪರಿಕಲ್ಪನೆ ಬೆಳೆದ ಬಗೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವರ್ತನವಾದಿಗಳು ಕಲಿಕೆಯನ್ನು ಹೆಚ್ಚಾಗಿ ಹಸಿವು, ನೋವು, ಬಹುಮಾನ, ಶಿಕ್ಷೆಗಳಿಂದಲೇ ವಿವರಿಸುತ್ತಿದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಪ್ರಯೋಗ ಆ ವಿವರಣೆಗೆ ಒಗ್ಗಲಿಲ್ಲ. ಕೊಕ್ಕೆ, ಪಿನ್ನು, ಚಿಲಕ ಜೋಡಿಸಿದ ಸಾಧನವನ್ನು ರೀಸಸ್ ಕೋತಿಗಳ ಮುಂದಿಟ್ಟರೆ, ತಿನ್ನಲು ಏನೂ ಕೊಡದಿದ್ದರೂ ಅವು ಅದನ್ನು ಮತ್ತೆ ಮತ್ತೆ ಬಿಚ್ಚುತ್ತ ಕೈಚಳಕ ಪಡೆದವು. 1959ರಲ್ಲಿ ರಾಬರ್ಟ್ ವೈಟ್, ಸುತ್ತಲಿನ ಜಗತ್ತಿನೊಡನೆ ಸಮರ್ಥವಾಗಿ ವ್ಯವಹರಿಸಬೇಕೆಂಬ ಬಯಕೆಯೇ ಒಂದು ಮೂಲ ಪ್ರೇರಣೆ ಎಂದು ವಾದಿಸಿದರು.

ಕ್ಷೇತ್ರಕ್ಕೆ ನಿಜವಾದ ತಿರುವು ಕೊಟ್ಟದ್ದು ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅವರು ಸೋಮಾ ಎಂಬ ಒಗಟಿನ ತುಂಡುಗಳನ್ನು ಕೊಟ್ಟರು. ಡೆನ್ಮಾರ್ಕಿನ ಪೀಟ್ ಹೈನ್ ರೂಪಿಸಿದ ಈ ಆಟದಲ್ಲಿ ಏಳು ತುಂಡುಗಳನ್ನು ಹೊಂದಿಸಿ ಚಿತ್ರದಲ್ಲಿ ತೋರಿಸಿದ ಆಕಾರವನ್ನು ಕಟ್ಟಬೇಕು. ಒಮ್ಮೆ ಕೈಗೆತ್ತಿಕೊಂಡವರಿಗೆ ಬಿಡಲು ಮನಸ್ಸಾಗುವುದಿಲ್ಲ. ಮೂರು ದಿನ, ದಿನಕ್ಕೊಂದು ಸರದಿ. ನಡುವೆ ಏನೋ ನೆಪ ಹೇಳಿ ಪ್ರಯೋಗ ನಡೆಸುವವರು 8 ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳಿದ್ದವು. ಅವನ್ನು ತಿರುವಿ ಹಾಕಬಹುದಿತ್ತು, ಸುಮ್ಮನೆ ಕೂರಬಹುದಿತ್ತು, ಒಗಟನ್ನೇ ಮುಂದುವರಿಸಬಹುದಿತ್ತು. ಆ ಬಿಡುವಿನಲ್ಲಿ ಯಾರು ಎಷ್ಟು ಹೊತ್ತು ಒಗಟು ಹಿಡಿದು ಕೂತರು ಎಂಬುದನ್ನು ಒಳಗಿನವರಿಗೆ ಕಾಣದ ಗಾಜಿನ ಆಚೆಯಿಂದ ಲೆಕ್ಕ ಹಾಕಿದರು. ಒಂದು ಗುಂಪಿಗೆ ಎರಡನೆಯ ದಿನ ಮಾತ್ರ, ಬಿಡಿಸಿದ ಪ್ರತಿ ಒಗಟಿಗೆ 1 ಡಾಲರ್ ಕೊಟ್ಟರು. ಮೂರನೆಯ ದಿನ ದುಡ್ಡಿಲ್ಲ ಎಂದಾಗ, ಆ ಗುಂಪು ಬಿಡುವಿನಲ್ಲಿ ಒಗಟಿಗೆ ಕೊಟ್ಟ ಸಮಯ ಮೊದಲ ದಿನಕ್ಕಿಂತ ಕಡಿಮೆಯಾಯಿತು. ದುಡ್ಡಿನ ಮಾತೇ ಕೇಳದ ಗುಂಪಿನಲ್ಲಿ ಆ ಇಳಿತ ಕಾಣಲಿಲ್ಲ.

ಗುಂಪಿಗೆ ಹನ್ನೆರಡು ಜನರಷ್ಟೇ ಇದ್ದ ಚಿಕ್ಕ ಪ್ರಯೋಗ ಇದು. ಆದರೆ ಅದು ಬಳಸಿದ ಅಳತೆಗೋಲು ಆನ್‌ಲೈನ್ ಕಲಿಕೆಗೆ ತುಂಬ ಹತ್ತಿರವಾದದ್ದು. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ, ಬೇರೆ ಆಕರ್ಷಣೆ ಕೈಯಳತೆಯಲ್ಲೇ ಇದ್ದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ಡೆಸಿ ಅಳೆದರು. ಮನೆಯಲ್ಲಿ ಕೂತು ಕೋರ್ಸ್ ಮಾಡುವವರ ಪಾಲಿಗೆ ಆ 8 ನಿಮಿಷ ಹನ್ನೆರಡು ವಾರಗಳ ಉದ್ದಕ್ಕೂ ಹಬ್ಬಿಕೊಂಡಿರುತ್ತದೆ.

ಎರಡು ವರ್ಷಗಳ ನಂತರ, 1973ರಲ್ಲಿ, ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಇದನ್ನೇ ಮಕ್ಕಳ ಮೇಲೆ ನೋಡಿದರು. ಬಣ್ಣದ ಮಾರ್ಕರ್‌ಗಳಿಂದ ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನ ಕಳೆದ ಮೇಲೆ, ಪ್ರಶಸ್ತಿಯ ಆಸೆಯಿಂದ ಬರೆದ ಮಕ್ಕಳು ಬಿಡುವಿನಲ್ಲಿ ಮಾರ್ಕರ್ ಹಿಡಿದ ಸಮಯ ಇತರರದರ ಸುಮಾರು ಅರ್ಧದಷ್ಟಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಆಸಕ್ತಿ ಕುಗ್ಗಲಿಲ್ಲ. ಬಹುಮಾನ ಅನ್ನುವುದಕ್ಕಿಂತ, ಇಂಥದ್ದು ಮಾಡಿದರೆ ಇಂಥದ್ದು ಕೊಡುತ್ತೇನೆ ಎಂಬ ಷರತ್ತು ಇಲ್ಲಿ ಕೆಲಸ ಮಾಡಿತ್ತು.

ಬಹುಮಾನದ ವಿವಾದ

ಎಲ್ಲರೂ ಇದನ್ನು ಒಪ್ಪಲಿಲ್ಲ. 1994ರಲ್ಲಿ ಜೂಡಿ ಕ್ಯಾಮರನ್ ಮತ್ತು ಡೇವಿಡ್ ಪಿಯರ್ಸ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬಹುಮಾನದಿಂದ ಆಸಕ್ತಿ ಹಾಳಾಗುತ್ತದೆಂಬ ಮಾತು ಅತಿರೇಕದ್ದು ಎಂದರು. ಡೆಸಿ, ರಿಚರ್ಡ್ ಕೋಸ್ಟ್ನರ್ ಮತ್ತು ರಿಚರ್ಡ್ ರಯಾನ್ 1999ರಲ್ಲಿ 128 ಅಧ್ಯಯನಗಳ ವಿಶ್ಲೇಷಣೆಯೊಂದಿಗೆ ಉತ್ತರ ಕೊಟ್ಟರು. ಮೊದಲೇ ಹೇಳಿ ಕೊಡುವ ವಸ್ತುರೂಪದ ಬಹುಮಾನ ಆಂತರಿಕ ಪ್ರೇರಣೆಯನ್ನು ಕುಗ್ಗಿಸುತ್ತದೆ, ಮನಸಾರೆ ಆಡಿದ ಮೆಚ್ಚುಗೆಯ ಮಾತು ಅದನ್ನು ಹೆಚ್ಚಿಸುತ್ತದೆ ಎಂಬುದು ಅವರ ತೀರ್ಮಾನ. ಮೊದಲಿಗೇ ನೀರಸವಾದ ಕೆಲಸದಲ್ಲಿ ಬಹುಮಾನ ಹಾಳುಮಾಡುವಂಥದ್ದು ಏನೂ ಇರುವುದಿಲ್ಲ ಎಂಬುದನ್ನೂ ಎರಡು ಕಡೆಯವರು ಬಹುಮಟ್ಟಿಗೆ ಒಪ್ಪಿದರು. ಕ್ರಿಸ್ಟೊಫರ್ ಸೆರಾಸೊಲಿ ಮತ್ತು ಸಂಗಡಿಗರು 2014ರಲ್ಲಿ ನಾಲ್ಕು ದಶಕಗಳ ಸಂಶೋಧನೆಯನ್ನು ಜರಡಿ ಹಿಡಿದಾಗ, ಕೆಲಸದ ಪ್ರಮಾಣದೊಂದಿಗೆ ಹೊರಗಿನ ಪ್ರಲೋಭನೆಗೆ ಹೆಚ್ಚು ನಂಟಿರುವುದೂ, ಗುಣಮಟ್ಟದೊಂದಿಗೆ ಒಳಗಿನ ಆಸಕ್ತಿಗೆ ಹೆಚ್ಚು ನಂಟಿರುವುದೂ ಕಂಡಿತು. ಎಷ್ಟು ವಿಡಿಯೊ ನೋಡಿದರು ಎಂಬುದೊಂದು ಲೆಕ್ಕ, ಎಷ್ಟು ತಿಳಿಯಿತು ಎಂಬುದು ಇನ್ನೊಂದು ಲೆಕ್ಕ ಎಂದು ಆನ್‌ಲೈನ್ ಪಾಠ ಮಾಡುವವರೆಲ್ಲ ಅನುಭವದಿಂದ ಬಲ್ಲರು.

ಸ್ವನಿರ್ಧಾರ ಸಿದ್ಧಾಂತ

ಡೆಸಿ ಮತ್ತು ರಯಾನ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಈ ಎಳೆಗಳನ್ನೆಲ್ಲ ಸೇರಿಸಿ ಕಟ್ಟಿದ್ದು ಸ್ವನಿರ್ಧಾರ ಸಿದ್ಧಾಂತ. 1985ರ ಅವರ ಪುಸ್ತಕ ಅದಕ್ಕೆ ಬುನಾದಿ. ಮನುಷ್ಯನಿಗೆ ಮೂರು ಮಾನಸಿಕ ಅಗತ್ಯಗಳಿವೆ ಎನ್ನುತ್ತದೆ ಈ ಸಿದ್ಧಾಂತ: ನಾನು ಮಾಡುತ್ತಿರುವುದು ನನ್ನ ಇಚ್ಛೆಯಿಂದ ಎನಿಸುವ ಸ್ವಾಯತ್ತತೆ, ಇದು ನನ್ನ ಕೈಲಾಗುತ್ತದೆ ಎನಿಸುವ ಸಾಮರ್ಥ್ಯ, ನನ್ನನ್ನು ಕಂಡವರು, ಕೇಳುವವರು ಇದ್ದಾರೆ ಎನಿಸುವ ಬಾಂಧವ್ಯ. ಇವು ಪೂರೈಕೆಯಾದಷ್ಟೂ ಪ್ರೇರಣೆ ಗಟ್ಟಿಯಾಗುತ್ತದೆ.

ಸಿದ್ಧಾಂತದ ಹೆಚ್ಚು ಬೆಲೆಯುಳ್ಳ ಭಾಗ ಬಾಹ್ಯ ಪ್ರೇರಣೆಯ ಒಳವಿಂಗಡಣೆ. ಒಂದು ತುದಿಯಲ್ಲಿ ಪ್ರೇರಣಾಶೂನ್ಯತೆ, ಅಂದರೆ ಯಾಕೆ ಓದಬೇಕೆಂಬುದೇ ಗೊತ್ತಿಲ್ಲದ ಸ್ಥಿತಿ. ಅದರ ಪಕ್ಕದಲ್ಲಿ ಶುದ್ಧ ಹೊರನಿಯಂತ್ರಣ: ಹಾಜರಿ ಹೋಗುತ್ತದೆಂದು ಲಾಗಿನ್ ಆಗಿ, ಕ್ಯಾಮೆರಾ ಆರಿಸಿ ಮಲಗುವ ವಿದ್ಯಾರ್ಥಿ ಇಲ್ಲಿದ್ದಾನೆ. ಮುಂದಿನದು ಅಳುಕಿನಿಂದ ಓದುವುದು: ಅಪ್ಪ ಅಮ್ಮ ಸಾಲ ಮಾಡಿ ಫೀಸು ಕಟ್ಟಿದ್ದಾರೆ, ಓದದಿದ್ದರೆ ನಾನು ಕೆಟ್ಟವಳು ಎಂಬ ಭಾರ. ಅದಕ್ಕೂ ಮುಂದೆ ಗುರಿಯನ್ನು ಗುರುತಿಸಿಕೊಂಡು ಓದುವುದು: ಅಂಕಿಅಂಶಶಾಸ್ತ್ರ ನನಗೆ ಇಷ್ಟವಿಲ್ಲ, ಆದರೆ ಕೃಷಿ ಸಂಶೋಧನೆಗೆ ಅದು ಬೇಕು, ಹಾಗಾಗಿ ಕಲಿಯುತ್ತೇನೆ. ಇನ್ನೂ ಮುಂದೆ, ಆ ಗುರಿ ವ್ಯಕ್ತಿತ್ವದೊಂದಿಗೇ ಬೆರೆತ ಸ್ಥಿತಿ. ಕೊನೆಯ ತುದಿಯಲ್ಲಿ ಅಪ್ಪಟ ಆಂತರಿಕ ಪ್ರೇರಣೆ. ಗುರುತಿಸಿಕೊಂಡ ಗುರಿಗಾಗಿ ಓದುವವರು ತಾಂತ್ರಿಕವಾಗಿ ಬಾಹ್ಯ ಪ್ರೇರಣೆಯವರೇ. ಆದರೂ ಪಟ್ಟು ಹಿಡಿದು ಮುಗಿಸುವುದರಲ್ಲಿ ಇವರು ಆಂತರಿಕ ಪ್ರೇರಣೆಯವರಿಗೆ ಸಮೀಪದಲ್ಲಿರುತ್ತಾರೆ. ಕನ್ನಡನಾಡಿನ ಮಧ್ಯಮ ವರ್ಗದ ಮನೆಗಳಿಂದ ಬಂದು ಗಂಭೀರವಾಗಿ ಓದುವ ಬಹಳಷ್ಟು ಮಕ್ಕಳನ್ನು ಎಲ್ಲಿಡಬೇಕೆಂದು ಕೇಳಿದರೆ, ನಾನು ಈ ಜಾಗವನ್ನೇ ತೋರಿಸುತ್ತೇನೆ.

ಸ್ವಾಯತ್ತತೆ ಎಂದರೆ ಯಾರ ಮಾತನ್ನೂ ಕೇಳದಿರುವುದೇ ಎಂಬ ಪ್ರಶ್ನೆಗೆ ಶೀನಾ ಅಯ್ಯಂಗಾರ್ ಮತ್ತು ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಬೆಳಕು ಚೆಲ್ಲುತ್ತದೆ. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡ, ಅಕ್ಷರ ಹೊಂದಿಸಿ ಪದ ಮಾಡುವ ಕೆಲಸದಲ್ಲಿ ಹೆಚ್ಚು ತೊಡಗಿದರೆ, ಏಷ್ಯಾ ಮೂಲದ ಅಮೆರಿಕನ್ ಮಕ್ಕಳು ತಾಯಿ ಆರಿಸಿಕೊಟ್ಟದ್ದೆಂದು ಹೇಳಿದ ಕೆಲಸದಲ್ಲಿ ಹೆಚ್ಚು ತೊಡಗಿದರು. ಪ್ರೀತಿ, ನಂಬಿಕೆ ಇರುವ ಕಡೆ ಹಿರಿಯರ ಆಯ್ಕೆಯೂ ಮಗುವಿನದೇ ಆಗಬಲ್ಲದು ಎಂದು ಇದನ್ನು ಓದಬಹುದು. ಮನೆಯವರು ಹೇಳಿದರೆಂದು ಓದುವುದೆಲ್ಲ ಹೀನ ಬಗೆಯ ಪ್ರೇರಣೆ ಎಂದು ತಳ್ಳಿಹಾಕುವಂತಿಲ್ಲ.

ಇಷ್ಟನ್ನೂ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಕೆನಡಾದ ರಾಬರ್ಟ್ ವಾಲರಾಂಡ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿ. 1992ರ ಅದರ ಇಂಗ್ಲಿಷ್ ರೂಪದಲ್ಲಿ 28 ಹೇಳಿಕೆಗಳಿವೆ.

ಭಾರಿ ಗಾತ್ರದ ಕೋರ್ಸುಗಳು ಕಲಿಸಿದ್ದು

2012ರ ವಸಂತದಲ್ಲಿ ಎಂಐಟಿ ಜಗತ್ತಿಗೆಲ್ಲ ಉಚಿತವಾಗಿ ತೆರೆದ ಮೊದಲ ಭಾರಿ ಗಾತ್ರದ ಕೋರ್ಸು ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್. ಅದನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಬೆಳೆದು, ಮದ್ರಾಸ್ ಐಐಟಿಯಲ್ಲಿ ಓದಿ, ಮುಂದೆ ಎಡ್‌ಎಕ್ಸ್ ವೇದಿಕೆಯ ಮುಖ್ಯಸ್ಥರಾದ ಅನಂತ್ ಅಗರ್ವಾಲ್. 1,54,763 ಜನ ಹೆಸರು ನೋಂದಾಯಿಸಿದರು. ಮೊದಲ ಹೋಂವರ್ಕಿಗೆ ಕೈಹಾಕಿದವರು 26,349. ಸರ್ಟಿಫಿಕೇಟ್ ಪಡೆದವರು 7,157. ನೋಂದಾಯಿಸಿದವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಮುಗಿಸಿದವರು ಶೇ 5ಕ್ಕಿಂತ ಕಡಿಮೆ. ಮೊದಲ ಹೋಂವರ್ಕ್ ಮಾಡಿದವರನ್ನು ಮಾತ್ರ ಹಿಡಿದರೆ ಶೇ 27. ಈ ಕೋರ್ಸುಗಳ ಸೋಲಿನ ಬಗ್ಗೆ ಬರೆಯುವವರು ಮೊದಲ ಅಂಕಿಯನ್ನೇ ಎತ್ತಿ ಆಡುತ್ತಾರೆ. ಕುತೂಹಲಕ್ಕೆ ಬಾಗಿಲು ತೆರೆದು ನೋಡಿ ಹೋದವರನ್ನೂ ನಪಾಸಾದವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಪೂರ್ಣ ಅಂಕ ಗಳಿಸಿದ 340 ಮಂದಿಯಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನ 15 ವರ್ಷದ ಹುಡುಗನೊಬ್ಬನಿದ್ದ. ಮುಂದೆ ಅವನು ಎಂಐಟಿಯಲ್ಲೇ ಸೀಟು ಪಡೆದ. ಮನೆಯ ಗ್ಯಾರೇಜಿನಿಂದ ವಾಹನ ಹೊರಬರುವಾಗ ಹೊರಗೆ ಆಡುವ ತಂಗಿಗೆ ಎಚ್ಚರಿಕೆ ಕೊಡುವ ಸೈರನ್ ಒಂದನ್ನು ಆ ಹೊತ್ತಿನಲ್ಲೇ ಅವನು ಕಟ್ಟಿದ್ದ. ಅವನ ಕಲಿಕೆಯಲ್ಲಿ ಕುತೂಹಲ, ಉಪಯೋಗ, ಮನೆಯವರ ಮೇಲಿನ ಅಕ್ಕರೆ ಮೂರೂ ಬೆರೆತಿದ್ದವು. ಅವನಿಗೆ ಶಾಲೆಯಲ್ಲಿ ಬೆನ್ನಿಗೆ ನಿಂತ ಹಿರಿಯರೂ ಇದ್ದರು ಎಂಬುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಜಸ್ಟಿನ್ ರೈಷ್ ಮತ್ತು ಹೊಸೆ ರುಯಿಪೆರೆಸ್ ವಲಿಯೆಂಟೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ಆರು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದರು. 2017–18ರಲ್ಲಿ ಒಟ್ಟಾರೆ ಮುಗಿಸಿದವರು ಶೇ 3.13. ದುಡ್ಡು ಕಟ್ಟಿ ದೃಢೀಕೃತ ಸರ್ಟಿಫಿಕೇಟಿಗೆ ಸೇರಿದವರಲ್ಲಿ ಮಾತ್ರ ಶೇ 46. ಹಾಗಾದರೆ ದುಡ್ಡು ಕಟ್ಟಿಸಿದರೆ ಎಲ್ಲರೂ ಮುಗಿಸುತ್ತಾರೆಯೇ? ಹಾಗೆ ಹೇಳಲಾಗದು. ಮುಗಿಸಲೇಬೇಕೆಂದು ಗಟ್ಟಿ ಮಾಡಿಕೊಂಡವರೇ ಮುಂದೆ ಬಂದು ದುಡ್ಡು ಕಟ್ಟಿರುತ್ತಾರೆ. ಹೊರಗಿನ ಗುರಿಯನ್ನು ತಮ್ಮದಾಗಿಸಿಕೊಂಡವರ ಗುರುತು ಆ ಶುಲ್ಕ.

ಆನ್‌ಲೈನ್ ಕಲಿಯುವವರು ಸ್ವಭಾವತಃ ಆಂತರಿಕ ಪ್ರೇರಣೆ ಉಳ್ಳವರು ಎಂಬ ಹಳೆಯ ನಂಬಿಕೆಯನ್ನು ನ್ಯೂಜಿಲೆಂಡಿನ ಮ್ಯಾಗಿ ಹಾರ್ಟ್‌ನೆಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಶ್ನಿಸಿದರು. ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಲ್ಲಿ ಅವರು ಕಂಡದ್ದು ಹಲವು ಬಗೆಯ ಪ್ರೇರಣೆಗಳ ಹೆಣಿಗೆ. ಸಂದರ್ಭ ಬದಲಾದಂತೆ ಅದೂ ಬದಲಾಗುತ್ತಿತ್ತು.

ಸ್ವಯಂ ಮತ್ತು ಎನ್‌ಪಿಟಿಇಎಲ್

ಭಾರತದಲ್ಲಿ ಪ್ರೇರಣೆಯ ಪ್ರಶ್ನೆ ಅತಿ ದೊಡ್ಡ ಪ್ರಮಾಣದಲ್ಲಿ ಎದುರಾಗುವುದು ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ. ಅದು ಉದ್ಘಾಟನೆಯಾದದ್ದು 2017ರ ಜುಲೈ 9ರಂದು. ಎಂಜಿನಿಯರಿಂಗ್ ಕೋರ್ಸುಗಳನ್ನು ಅಲ್ಲಿ ನಡೆಸುವ ಎನ್‌ಪಿಟಿಇಎಲ್ ಅದಕ್ಕೂ ಹಳೆಯದು. ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದನ್ನು ಕಟ್ಟಿದ ಪಾಲುದಾರ. ಒಂದು ಸೆಮಿಸ್ಟರಿನ ಕ್ರೆಡಿಟ್‌ಗಳಲ್ಲಿ ಶೇ 20ರವರೆಗೆ ಸ್ವಯಂ ಮೂಲಕ ಗಳಿಸಲು ಯುಜಿಸಿ 2016ರಲ್ಲಿ ಅವಕಾಶ ಕೊಟ್ಟಿತು. 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಅಲ್ಲಿಂದ ಮುಂದೆ ಹೊರಗಿನ ಪ್ರೇರಣೆ ನಿಯಮದ ರೂಪದಲ್ಲೇ ಕಾಲೇಜುಗಳಿಗೆ ಬಂತು.

ಎನ್‌ಪಿಟಿಇಎಲ್ ಕೋರ್ಸಿಗೆ ಸೇರಲು, ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆಗೆ ಮಾತ್ರ ಶುಲ್ಕ. ವಾರ ವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. 60 ದಾಟಿದರೆ ಎಲೀಟ್, 75 ಆದರೆ ಬೆಳ್ಳಿ, 90 ಆದರೆ ಚಿನ್ನ. ಅಸೈನ್‌ಮೆಂಟ್ ಸಲ್ಲಿಸುವ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲುಗಳಲ್ಲಿ ಆ ರಾತ್ರಿ ಎರಡು ಬಗೆಯವರು ಕಾಣುತ್ತಾರೆ. ವಾಟ್ಸಾಪ್ ಗುಂಪಿಗೆ ಬಂದ ಉತ್ತರಗಳನ್ನು ಎ, ಸಿ, ಸಿ, ಬಿ ಎಂದು ಒತ್ತಿ ಎರಡು ನಿಮಿಷದಲ್ಲಿ ಸಬ್ಮಿಟ್ ಮಾಡುವವರು ಒಂದು ಬಗೆ. ನಾಲ್ಕನೆಯ ಪ್ರಶ್ನೆ ಯಾಕೆ ಹೊಂದುತ್ತಿಲ್ಲ ಎಂದು ವಿಡಿಯೊವನ್ನು ಹಿಂದಕ್ಕೆಳೆದು ಮತ್ತೆ ಕೇಳುವವರು ಇನ್ನೊಂದು. ಇಬ್ಬರಿಗೂ ಕ್ರೆಡಿಟ್ ಬೇಕು, ಇಬ್ಬರಿಗೂ ಗಡುವು ಒಂದೇ. ಎರಡನೆಯವನಿಗೆ ಆ ವಿಷಯ ಆರಿಸಿಕೊಳ್ಳಲು ಕಾರಣವೊಂದಿತ್ತು, ಅಥವಾ ಕಾಲೇಜಿನಲ್ಲಿ ಯಾರೋ ಕೂರಿಸಿಕೊಂಡು ಕಾರಣ ಹೇಳಿದ್ದರು. ಮೊದಲನೆಯವನಿಗೆ ಪಟ್ಟಿಯೊಂದನ್ನು ಫಾರ್ವರ್ಡ್ ಮಾಡಿ ಎಲ್ಲರೂ ಸೇರಲೇಬೇಕು ಎಂದಿದ್ದರು. ಉತ್ತರ ನಕಲು ಮಾಡುವುದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅದನ್ನು ಹುಡುಗರ ನೀತಿಗೆಟ್ಟತನವೆಂದು ಬೈದು ಮುಗಿಸುವುದು ಕಾಲೇಜುಗಳಿಗೆ ಅನುಕೂಲವಾದ ವಿವರಣೆ.

ಭಾಷೆಯೂ ಇಲ್ಲಿ ಪ್ರೇರಣೆಯ ವಿಷಯವೇ. ಪಿಯುಸಿವರೆಗೆ ಕನ್ನಡದಲ್ಲಿ ಯೋಚಿಸಿದವರಿಗೆ ಇಂಗ್ಲಿಷಿನ ವೇಗದ ಉಪನ್ಯಾಸ ಮೊದಲ ವಾರದಲ್ಲೇ ಇದು ನನ್ನ ಕೈಲಾಗದು ಎಂದು ಹೇಳಿಬಿಡುತ್ತದೆ. ಸಾಮರ್ಥ್ಯದ ಭಾವ ಕುಸಿದ ಮೇಲೆ ಉಳಿದೆರಡು ಅಗತ್ಯಗಳು ಪೂರೈಕೆಯಾದರೂ ಫಲವಿಲ್ಲ. ಎನ್‌ಪಿಟಿಇಎಲ್ ಹಲವು ಕೋರ್ಸುಗಳ ಪಠ್ಯವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಿ ಇಟ್ಟಿದೆ. ಇದು ಇನ್ನೂ ಹೆಚ್ಚು ವಿದ್ಯಾರ್ಥಿಗಳಿಗೆ ತಿಳಿಯಬೇಕಾದ ಸಂಗತಿ.

ಕೊರೊನಾ ವರ್ಷಗಳು

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ತರಗತಿ ಯಾರ ಆಯ್ಕೆಯೂ ಆಗಿರಲಿಲ್ಲ. ಕರ್ನಾಟಕದಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಪಾಠಗಳು ಜುಲೈನಲ್ಲಿ ಆರಂಭವಾದವು. ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರೇ ಊರು ಕೇರಿಗಳಿಗೆ ಹೋಗಿ ಮರದ ನೆರಳಲ್ಲಿ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರದೆಯಿಂದ ಸಿಗದ ಬಾಂಧವ್ಯವನ್ನು ವಿದ್ಯಾಗಮ ಆ ಕೆಲವು ವಾರ ಮಕ್ಕಳಿಗೆ ಒದಗಿಸಿತ್ತು.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೊ ನಾಡಿನಾದ್ಯಂತ ಹರಿದಾಡಿತು. ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕೂತು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯೊಬ್ಬಳು ಪಾಠ ಕೇಳುತ್ತಿದ್ದಾಳೆ. ಸುರಿಯುವ ಮಳೆಯಲ್ಲಿ ಅಪ್ಪ ಅವಳಿಗೆ ಛತ್ರಿ ಹಿಡಿದು ನಿಂತಿದ್ದಾರೆ. ಅವಳಿಗೆ ಪ್ರೇರಣೆಯ ಕೊರತೆಯಿತ್ತೆಂದು ಯಾರು ಹೇಳಿಯಾರು? ಮಲೆನಾಡಿನಲ್ಲೂ ಕರಾವಳಿಯಲ್ಲೂ ಆ ವರ್ಷ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ಮಕ್ಕಳು ಅನೇಕರು. ಹಾಜರಾತಿ ಕಡಿಮೆಯಾದದ್ದನ್ನೆಲ್ಲ ಆಸಕ್ತಿಯಿಲ್ಲದ್ದರ ಲೆಕ್ಕಕ್ಕೆ ಬರೆಯುವುದು ತಪ್ಪು. ಮನೆಗೆ ಒಂದೇ ಫೋನು ಇದ್ದು, ಅದೂ ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುವಂತಿದ್ದರೆ ಮಗುವಿನ ಹುರುಪು ಎಷ್ಟಿದ್ದೂ ಏನು ಬಂತು?

ಆಟದ ಅಂಶಗಳು

ಪಾಯಿಂಟು, ಬ್ಯಾಡ್ಜು, ದಿನ ತಪ್ಪದ ಸರಣಿ, ಯಾರು ಮುಂದಿದ್ದಾರೆಂಬ ಪಟ್ಟಿ ಇವು ಈಗ ಹೆಚ್ಚಿನ ಕಲಿಕೆಯ ಆ್ಯಪ್‌ಗಳಲ್ಲಿವೆ. ಮೈಕೇಲ್ ಹ್ಯಾನಸ್ ಮತ್ತು ಜೆಸ್ಸಿ ಫಾಕ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸೆಮಿಸ್ಟರ್ ಪೂರ್ತಿ ಬ್ಯಾಡ್ಜು ಮತ್ತು ಪಟ್ಟಿಗಳೊಂದಿಗೆ ಓದಿದ ತರಗತಿಯ ಆಂತರಿಕ ಪ್ರೇರಣೆ ಇವಿಲ್ಲದ ತರಗತಿಗಿಂತ ಕುಗ್ಗಿತು, ಅದರ ಪರಿಣಾಮ ಅಂತಿಮ ಪರೀಕ್ಷೆಯ ಅಂಕಗಳಲ್ಲೂ ಕಂಡಿತು. ಬೇರೆ ಅಧ್ಯಯನಗಳಲ್ಲಿ ಅಲ್ಪಸ್ವಲ್ಪ ಲಾಭವೂ ಕಂಡಿದೆ. ನೀನು ಎಲ್ಲಿ ಎಡವಿದೆ, ಎಷ್ಟು ಮುಂದೆ ಬಂದೆ ಎಂದು ತಿಳಿಸುವ ಗುರುತು ಒಳ್ಳೆಯದು. ನಿನ್ನ ಮುಂದೆ ನಾನೂರು ಜನ ಇದ್ದಾರೆ ಎಂದು ಮಾತ್ರ ತಿಳಿಸುವ ಪಟ್ಟಿಯಿಂದ ಹಿಂದಿರುವವರಿಗೆ ಯಾವ ಉಪಕಾರವೂ ಇಲ್ಲ.

ನೆರವಾಗುವ ಕ್ರಮಗಳು

ಡೆಸಿ ಮತ್ತು ಸಂಗಡಿಗರು 1994ರಲ್ಲಿ ಬೇಕೆಂದೇ ಅತಿ ನೀರಸ ಕೆಲಸವನ್ನು ಆರಿಸಿಕೊಂಡರು. ಕಂಪ್ಯೂಟರ್ ಪರದೆಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೀಲಿ ಒತ್ತಬೇಕು, ಅಷ್ಟೇ. ಯಾಕೆ ಮಾಡಬೇಕೆಂದು ಕಾರಣ ಕೊಡುವುದು, ಇದು ಬೇಸರದ ಕೆಲಸ ಎಂಬುದನ್ನು ಒಪ್ಪಿಕೊಳ್ಳುವುದು, ಒತ್ತಾಯದ ಮಾತು ಬಿಟ್ಟು ಆಯ್ಕೆಯ ಧ್ವನಿಯಲ್ಲಿ ಹೇಳುವುದು, ಈ ಮೂರೂ ಕೂಡಿದಾಗ ಜನ ಆ ಕೆಲಸವನ್ನೂ ತಮ್ಮದಾಗಿಸಿಕೊಂಡರು. ಆನ್‌ಲೈನ್ ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆಯನ್ನು ನಾನು ಕಾಣೆ. ಇದಕ್ಕೆ ಹೊಸ ತಂತ್ರಾಂಶವಾಗಲಿ ಬಜೆಟ್ ಆಗಲಿ ಬೇಕಿಲ್ಲ.

ಸುಲಭದ ಉಪಾಯಗಳ ಮಿತಿಯೂ ಗೊತ್ತಾಗಿದೆ. ಯಾವಾಗ, ಎಲ್ಲಿ ಓದುತ್ತೇನೆಂದು ಕೋರ್ಸಿನ ಮೊದಲಲ್ಲೇ ಬರೆಸುವುದು, ಮನಸ್ಸಿಗೆ ಮುಖ್ಯವೆನಿಸುವ ಮೌಲ್ಯಗಳ ಬಗ್ಗೆ ಬರೆಸುವುದು ಮುಂತಾದ ಕಿರು ಅಭ್ಯಾಸಗಳು ಆರಂಭದ ಪ್ರಯೋಗಗಳಲ್ಲಿ ಫಲ ಕೊಟ್ಟಿದ್ದವು. ರೆನೆ ಕಿಜಿಲ್ಚೆಕ್ ಮತ್ತು ಸಂಗಡಿಗರು ಅವನ್ನೇ ಸುಮಾರು 250 ಕೋರ್ಸುಗಳಲ್ಲಿ, ಸುಮಾರು ಎರಡೂವರೆ ಲಕ್ಷ ಕಲಿಕಾರ್ಥಿಗಳ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆ ಬರೆಸಿದ್ದರಿಂದ ಮೊದಲ ಕೆಲವು ವಾರ ತೊಡಗುವಿಕೆ ತುಸು ಹೆಚ್ಚಿತು, ಕೋರ್ಸ್ ಮುಗಿಸುವವರ ಸಂಖ್ಯೆ ಒಟ್ಟಾರೆ ಏರಲಿಲ್ಲ. ಪುಟ್ಟ ತಟ್ಟುವಿಕೆಯಿಂದ ಹನ್ನೆರಡು ವಾರ ಸಾಗದು. ನಡುವೆ ಕೇಳುವವರು ಬೇಕು, ಬರೆದ ಉತ್ತರವನ್ನು ಓದಿ ಎರಡು ಸಾಲು ಹೇಳುವವರು ಬೇಕು, ಜೊತೆಗೆ ಕಲಿಯುವ ನಾಲ್ಕು ಜನ ಬೇಕು.

ಕರ್ನಾಟಕದ ಕಾಲೇಜುಗಳು ಇದನ್ನು ಬರುವ ಸೆಮಿಸ್ಟರಿನಿಂದಲೇ ಮಾಡಬಹುದು. ಕೋರ್ಸುಗಳ ಪಟ್ಟಿ ಕೊಟ್ಟು ವಿದ್ಯಾರ್ಥಿಗಳೇ ಆರಿಸಲಿ. ಆಯ್ಕೆಗೆ ಮುನ್ನ ಅಧ್ಯಾಪಕರು ಪ್ರತಿ ಕೋರ್ಸಿನ ಉಪಯೋಗವನ್ನು ಕನ್ನಡದಲ್ಲಿ, ಬಿಚ್ಚುಮನಸ್ಸಿನಿಂದ ಹೇಳಲಿ. ವಾರಕ್ಕೊಂದು ಗಂಟೆ ಒಂದೇ ಕೋರ್ಸಿನವರು ಒಟ್ಟಿಗೆ ಕೂತು ಅಸೈನ್‌ಮೆಂಟ್ ಚರ್ಚಿಸಲು ಒಂದು ಕೋಣೆಯನ್ನು ವೇಳಾಪಟ್ಟಿಯಲ್ಲೇ ಮೀಸಲಿಡಲಿ.